ರಂಭಾಬಾಯಿ ಮುಚ್ಚಿಟ್ಟ ಎಡಗೈ

ಉಮರ್ಗಾದ ಬಜಾರಿನಲ್ಲಿ ಕಿರಾಣಿ ಅಂಗಡಿ ನಡೆಸುವ ರಂಭಾಬಾಯಿಗೆ ಐವತ್ತೆಂಟು ವಯಸ್ಸು. ಹೋದ ದೀಪಾವಳಿಯ ಹೊತ್ತಿಗೆ ಅವರ ಬಲಪಾದ ಸೋತಿತು. ನಡೆಯುವಾಗ ಚಪ್ಪಲಿ ಕಳಚಿ ಹಿಂದೆಯೇ ಉಳಿಯುತ್ತಿತ್ತು. ಊರಿನ ಡಾಕ್ಟರು ಸೊಂಟದಲ್ಲಿ ನರ ಒತ್ತಿದೆ ಎಂದು ಗುಳಿಗೆ, ಬೆಲ್ಟು ಕೊಟ್ಟರು. ಎರಡು ತಿಂಗಳಾದರೂ ಪಾದ ಮೇಲೇಳಲಿಲ್ಲ.

ಆ ಡಾಕ್ಟರಿಗೆ ಅವರು ಅರ್ಧವನ್ನಷ್ಟೇ ಹೇಳಿದ್ದರು. ಎಡಗೈಯ ಕಿರುಬೆರಳು, ಉಂಗುರಬೆರಳು ಕೂಡ ಜೋಮು ಹಿಡಿದು ಒಳಕ್ಕೆ ಮಡಚಿಕೊಂಡಿದ್ದವು. ಸ್ನಾನ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವುದನ್ನು ಅವರು ಎಂಟನೇ ವಯಸ್ಸಿನಿಂದ ಒಂದು ದಿನವೂ ತಪ್ಪಿಸಿದವರಲ್ಲ. ಒಂದು ಮುಂಜಾನೆ ಅಂಗೈ ವಾಲಿ, ಲಿಂಗ ಜಾರಿ ಮಣೆಯ ಮೇಲೆ ಬಿತ್ತು. ಮನೆಯವರಿಗೆ ಗೊತ್ತಾದರೆ ಏನೆಂದುಕೊಂಡಾರು? ಅಂದಿನಿಂದ ಆ ಕೈ ಸೆರಗಿನೊಳಗೇ ಉಳಿಯಿತು.

ಸೊಸೆ ಉಜ್ವಲಾ ಹಟ ಹಿಡಿದು ಸೊಲ್ಲಾಪುರದ ನರರೋಗದ ಡಾಕ್ಟರ್ ವಿದ್ಯಾವತಿಯವರ ಬಳಿ ಕರೆದೊಯ್ದಳು. ಅವರು ಕಾಲು ಪರೀಕ್ಷಿಸಿ ಮುಗಿಸಿ ಕೇಳಿದರು:

“ಅವ್ವಾರ, ಆ ಕೈಯಾಗ ಏನ್ ಬಂಗಾರ ಮುಚ್ಚಿಟ್ಟೀರಿ? ತೋರಸ್ರಿ.”

“ಕೈಗೇನ್ ಆಗಿಲ್ರೀ. ಬ್ಯಾನಿ ಕಾಲಿಂದು.”

“ಅತ್ತಿ, ನಿನ್ನಿ ಅಂಗಡ್ಯಾಗ ಸಕ್ಕರಿ ಪೊಟ್ಟಣ ಕಟ್ಟೂಮುಂದ ಎರಡ್ ಸಲ ಚೆಲ್ಲಿದ್ರಿ,” ಎಂದಳು ಉಜ್ವಲಾ. “ನಂಗೇನ್ ಕಣ್ಣಿಲ್ಲೇನ್ರಿ?”

ರಂಭಾಬಾಯಿ ಕೈ ಹೊರತೆಗೆದರು. ಸೊಸೆಯ ಮುಖ ನೋಡದೆ, ಲಿಂಗ ಬಿದ್ದದ್ದನ್ನೂ ಹೇಳಿದರು.

“ಇಷ್ಟ್ ದಿನ ಇದನ್ನ ಒಬ್ರೇ ನುಂಗ್ಕೊಂಡ್ ಕುಂತಿದ್ರಿ?” ಉಜ್ವಲಾಳ ದನಿ ಕುಗ್ಗಿತು.

ಸೊಂಟದಲ್ಲಿ ನರ ಒತ್ತಿದರೆ ಕೈ ಸೋಲುವುದಿಲ್ಲ ಎಂದು ಡಾಕ್ಟರು ತಿಳಿಸಿದರು. ದೂರದೂರದ ಎರಡು ನರಗಳು ಸೋತಿವೆ ಎಂದರೆ, ಅವುಗಳಿಗೆ ರಕ್ತ ಕೊಡುವ ಸಣ್ಣ ನಾಳಗಳೇ ಉರಿಯೂತದಿಂದ ಮುಚ್ಚುತ್ತಿರಬಹುದು. ಖಾತ್ರಿಯಾಗಲು ಪಾದದ ಕೀಲಿನ ಹತ್ತಿರ ನರದ ಒಂದು ತುಂಡು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆ ನರ ಸ್ಪರ್ಶವನ್ನಷ್ಟೇ ತಿಳಿಸುವಂಥದು. ತೆಗೆದ ಮೇಲೆ ಪಾದದ ಹೊರ ಅಂಚು ಖಾಯಂ ಜೋಮಾಗಿ ಉಳಿಯಬಹುದು.

“ಸುಮ್ಮ ಗುಳಿಗಿ ಕೊಡ್ರಲ್ಲ,” ಎಂದರು ರಂಭಾಬಾಯಿ.

“ಭಾಳ ಜೋರ್ ಗುಳಿಗಿ ಅವ. ರಕ್ತದಾಗ ಸಕ್ಕರಿ ಏರ್ತದ, ಎಲುಬು ಸವೀತಾವ. ಪುರಾವೆ ಇಲ್ದ ವರ್ಷಗಟ್ಲೆ ಹ್ಯಾಂಗ ಕೊಡ್ಲಿ?”

“ಕೈ ನೆಟ್ಟಗ ಆಗ್ತದೇನ್ರಿ?”

“ಪೂರಾ ಆಗ್ತದಂತ ಮಾತ್ ಕೊಡಂಗಿಲ್ಲ. ತಡಾ ಮಾಡಿದ್ರ ಬಲಗೈನೂ ಹೋದೀತು.”

ರಂಭಾಬಾಯಿ ಕಾಲನ್ನು ಮುಂದೆ ಚಾಚಿದರು. “ಹಂಗಾರ ತಗೀರಿ. ಕಾಲ ಮ್ಯಾಲ ನಾ ಏನ್ ಲಿಂಗ ಇಡಂಗಿಲ್ಲ.”

ಹತ್ತು ದಿನಕ್ಕೆ ವರದಿ ಬಂತು. ನಾಳಗಳ ಗೋಡೆಯಲ್ಲಿ ಉರಿಯೂತವಿತ್ತು, ನರದ ಎಳೆಗಳು ಸತ್ತಿದ್ದವು. ಔಷಧ ಅಂದೇ ಶುರುವಾಯಿತು. ಕೈ ಮೊದಲೇ ತೋರಿಸಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ ಎಂದೂ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಆರು ತಿಂಗಳಿಗೆ ಉಂಗುರಬೆರಳು ನೆಟ್ಟಗಾಯಿತು. ಕಿರುಬೆರಳು ಬಗ್ಗಿಯೇ ಉಳಿಯಿತು. ಈಗ ಪೂಜೆಯ ಹೊತ್ತಿಗೆ ಉಜ್ವಲಾ ಎದುರು ಕೂತು, ಅತ್ತೆಯ ಕೈಯಡಿ ತನ್ನ ಕೈ ಒಡ್ಡುತ್ತಾಳೆ.

“ತಗಿ ನಿನ್ ಕೈ. ಬೀಳಂಗಿಲ್ಲ.”

“ಇರ್ಲಿ ಬಿಡ್ರಿ, ನಿಮಗೇನ್ ಭಾರ?”

ರಂಭಾಬಾಯಿ ತಮ್ಮ ಎಡಗೈಯನ್ನು ಸೊಸೆಯ ಕೈಮೇಲೆ ಊರಿದರು. ಬಲಗೈಯಿಂದ ಪತ್ರೆ ಏರಿಸಿದರು.