ಲಾಲ್ ಸಾಬರ ಮಾತಾಡುವ ಬೀರು

ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ಲಾಲ್ ಸಾಬರದು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ಕುಣಿಗಲ್ ಬಸ್ ಎಷ್ಟೊತ್ತಿಗೆ, ಡಾಕ್ಟರು ಇದ್ದಾರಾ, ಕೊಬ್ಬರಿ ರೇಟು ಎಷ್ಟು ಎಂದು ಹೋಗಿ ಬರುವವರೆಲ್ಲ ಅವರನ್ನೇ ಕೇಳುತ್ತಿದ್ದರು. ಉತ್ತರ ಹೇಳುವ ಭರದಲ್ಲಿ ಅವರು ಯಾವುದೋ ವೈರಿಗೆ ಇನ್ಯಾವುದೋ ವೈರು ಬೆಸೆದುಬಿಡುತ್ತಿದ್ದರು.

೧೯೯೩ರಲ್ಲಿ ಒಂದು ಹಳೆಯ ಮರದ ಬೀರುವಿನೊಳಗೆ ನಾಲ್ಕು ಟೇಪ್ ಪ್ಲೇಯರ್ ಕೂರಿಸಿ, ಹೊರಗೆ ಬಣ್ಣದ ಗುಂಡಿಗಳನ್ನಿಟ್ಟರು. ಕೆಂಪು ಒತ್ತಿದರೆ ಬಸ್ಸು, ಹಸಿರು ಒತ್ತಿದರೆ ಕೊಬ್ಬರಿ. ಧ್ವನಿ ಹೆಂಡತಿ ಅಖ್ತರ್ ಬಾನು ಅವರದು. ಅಂಗಡಿಯ ಹಿಂದೆಯೇ ಮನೆ. ರೇಟಿನ ಮಧ್ಯೆ ಕುಕ್ಕರ್ ಸೀಟಿಯೂ ಕೇಳುತ್ತಿತ್ತು. ಊರೂರಿಗೂ ಇಂಥದ್ದೊಂದು ಬಂದು, ಅವೆಲ್ಲ ಒಂದರ ಜೊತೆ ಒಂದು ಮಾತಾಡುವ ಕಾಲ ಬರುತ್ತದೆ ಎಂದು ಲಾಲ್ ಸಾಬ್ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕೇಳಿದವರು ತಲೆಯಾಡಿಸಿ ಬಸ್ ಹತ್ತುತ್ತಿದ್ದರು.

ಸಂತೆಗೆ ಬಂದ ರಂಗಮ್ಮ ಎಲ್ಲ ಗುಂಡಿ ಒತ್ತಿ ನೋಡಿ, "ಇದು ತಾನೇ ಮಾತಾಡ್ತೈತೆ ಸಾಬ್ರೆ, ನಾವ್ ಹೇಳೋದು ಕೇಳಕಿಲ್ವಲ್ಲ" ಎಂದಳು.

ಆ ಮಾತು ಲಾಲ್ ಸಾಬರಿಗೆ ನಾಟಿತು. ಮುಂದಿನ ಸಂತೆಯ ಹೊತ್ತಿಗೆ ಬೀರುವಿಗೆ ಮೈಕು ಬಂದಿತ್ತು. ಕುಣಿಗಲ್‌ನಲ್ಲಿ ಗೆಳೆಯ ದ್ಯಾವಪ್ಪನ ಟೀ ಅಂಗಡಿಯಲ್ಲೂ ಒಂದು ಬೀರು ನಿಂತಿತು. ಜನ ಮೈಕಿನಲ್ಲಿ ಹೇಳಿದ ಮಾತು ತುಂಬಿಕೊಂಡ ಕ್ಯಾಸೆಟ್ಟುಗಳು ಎರಡರ ನಡುವೆ ಬಸ್ ಕಂಡಕ್ಟರುಗಳ ಕೈಯಲ್ಲಿ ಓಡಾಡತೊಡಗಿದವು. ಮೊದಲು ಮೈಕ್ ಹಿಡಿದವಳು ರಂಗಮ್ಮನೇ. ಕುಣಿಗಲ್ ಕಡೆ ಮದುವೆಯಾಗಿ ಹೋದ ತಂಗಿ ತಿಪ್ಪಮ್ಮ, ಯಾವುದೋ ಕಿವಿಯೋಲೆಯ ಜಗಳದಲ್ಲಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು; ಈಗ ಯಾವ ಊರಲ್ಲಿದ್ದಾಳೆಂದೂ ತಿಳಿಯದು. ತಂಗಿಯ ಹೆಸರು ಕರೆದು, ಎಲ್ಲಿದ್ದೀಯೆಂದು ಕೇಳಿದಳು.

ಕೆಲವು ವಾರಗಳ ಮೇಲೆ ಕುಣಿಗಲ್‌ನಿಂದ ಬಂದ ಕ್ಯಾಸೆಟ್ಟಿನಲ್ಲಿ ತಿಪ್ಪಮ್ಮ ಮಾತಾಡಿದ್ದಳು: "ಅಕ್ಕಾ, ಕೊತ್ತಗೆರೇಲಿ ಇದೀನಿ ಕಣೇ. ನಿನ್ ಮ್ಯಾಲೆ ಕ್ವಾಪ ಇನ್ನೂ ಹೋಗಿಲ್ಲ. ಆದ್ರೂ ಬಾ."

ರಂಗಮ್ಮ ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿ, ಅಲ್ಲಿಂದಲೇ ಬಸ್ ಹತ್ತಿದಳು.

ಸುದ್ದಿ ಹಬ್ಬಿ ಬೀರುವಿನ ಮುಂದೆ ಜನ ನೆರೆದರು. ಒಬ್ಬ ತರಲೆ, ಈ ವಾರ ಸಂತೆ ಇಲ್ಲ ಎಂದು ಹೇಳಿಟ್ಟ. ಸೊಪ್ಪಿನವರು ಬರಲೇ ಇಲ್ಲ. ಊರಿಗೆ ಊರೇ ಬೇಳೆ ಸಾರು ಉಂಡಿತು. ಅಂದಿನಿಂದ ಅಖ್ತರ್ ಬಾನು ಮೊದಲು ಕೇಳಿ ಒಪ್ಪಿದ ಮಾತಷ್ಟೇ ಜನರಿಗೆ ಕೇಳಿಸುತ್ತಿತ್ತು.

ಮನೆಮನೆಗೂ ಫೋನು ಬಂದ ಮೇಲೆ ಗುಂಡಿ ಒತ್ತುವವರು ಕಡಿಮೆಯಾದರು. ೨೦೦೧ರಲ್ಲಿ ಲಾಲ್ ಸಾಬ್ ತುಮಕೂರಿನ ಬಟವಾಡಿಯಲ್ಲಿ ಒಂದು ಸೈಬರ್ ಸೆಂಟರಿಗೆ ಹೋದರು. ಅಲ್ಲಿದ್ದ ಚೈತನ್ಯ ಎಂಬ ಹುಡುಗಿ, ಇಂಟರ್ನೆಟ್ಟಿನಲ್ಲಿ ಯಾರು ಏನು ಬೇಕಾದರೂ ಕೇಳಬಹುದು, ಹೇಳಲೂಬಹುದು ಎಂದು ತೋರಿಸಿದಳು. ಲಾಲ್ ಸಾಬ್ ತಾವೂ ಒಂದೆರಡು ಗುಂಡಿ ಒತ್ತಿ ನೋಡಿದರು.

"ನಾನು ಅಂದ್ಕೊಂಡಿದ್ದು ಇದೇ ಕಣಮ್ಮ," ಎಂದರು. "ಇಷ್ಟು ಚಿಕ್ಕದಾಗಿರ್ತದೆ ಅಂತ ಮಾತ್ರ ಅಂದ್ಕೊಂಡಿರ್ಲಿಲ್ಲ."

ಹೊಟ್ಟೆಕಿಚ್ಚು ಒಂದಿಷ್ಟೂ ಆಗಲಿಲ್ಲ, ಖುಷಿಯಾಯಿತು. ಬಿಡುವಾದಾಗೆಲ್ಲ ಬಟವಾಡಿಗೆ ಹೋಗಿ ಕಲಿತರು. ಮರುವರ್ಷ ಗುಬ್ಬಿಯ ತಮ್ಮ ಅಂಗಡಿಯಲ್ಲೇ ಎರಡು ಕಂಪ್ಯೂಟರ್ ಹಾಕಿಸಿದರು. ಕನೆಕ್ಷನ್ ಹೋದಾಗ ಗಿರಾಕಿಗಳನ್ನು ಎಬ್ಬಿಸಿ ಕಳಿಸುತ್ತಿರಲಿಲ್ಲ. ಏನು ಬೇಕಿತ್ತೆಂದು ವಿಚಾರಿಸಿ, ಗೊತ್ತಿದ್ದಷ್ಟನ್ನು ತಾವೇ ಹೇಳುತ್ತಿದ್ದರು. ಪರೀಕ್ಷೆ ರಿಸಲ್ಟ್ ನೋಡಲು ಬಂದ ಮಕ್ಕಳನ್ನು ಮಾತ್ರ, ಕನೆಕ್ಷನ್ ಮತ್ತೆ ಬರುವ ತನಕ, ಟೀ ಕೊಡಿಸಿ ಕೂರಿಸುತ್ತಿದ್ದರು.