ಗುರುಗಳು ಹೊಡೆದ ಪಿನ್ನು

ನಾಣ್ಯ ನೋಡುವುದರಲ್ಲಿ ನಮ್ಮಣ್ಣನನ್ನು ಮೀರಿಸುವವರಿಲ್ಲ ಎಂದು ಯಾರಾದರೂ ಹೊಗಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ನೀರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಭಾನುವಾರ ಬಂತೆಂದರೆ ಅವನ ಮುಂದಿನ ಕೋಣೆ ತುಂಬ ಜನ. ಹಳೇ ನಾಣ್ಯ ಕೊಂಡಿಟ್ಟರೆ ಮುಂದೆ ಬೆಲೆ ಬಂದೀತೇ ಎಂದು ಕೇಳುವವರು. ಎಲ್ಲರಿಗೂ ಒಂದೇ ಪಾಠ: "ಹಳೇದೆಲ್ಲ ಬೆಲೆಬಾಳಲ್ಲ. ಅಪರೂಪ ಆಗಿರ್ಬೇಕು, ಕೆಟ್ಟಿರ್ಬಾರ್ದು, ಬೇಕು ಅನ್ನೋರು ಇರ್ಬೇಕು. ಒಂದು ತಪ್ಪಿದ್ರೂ ಅದು ಬರೀ ಲೋಹ."

ಮುಖ ನೋಡಿ ಮರುಳಾಗಬೇಡಿ, ಮೊದಲು ಅಂಚು ನೋಡಿ ಎನ್ನುತ್ತಿದ್ದ. ನಾಣ್ಯಕ್ಕೆ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಂಡಿದ್ದರೆ, ಆಮೇಲೆ ಎಷ್ಟು ಉಜ್ಜಿದರೂ ಅಂಚಿನಲ್ಲಿ ಗುರುತು ಉಳಿಯುತ್ತದೆ, ಬೆಲೆ ನೆಲಕಚ್ಚುತ್ತದೆ. ಒಂದೊಂದು ಅಂಚನ್ನೂ ಅರ್ಧ ಗಂಟೆ ತಿರುಗಿಸುತ್ತ ಕೂರುವನು. ಅತ್ತಿಗೆಯ ಮುಖವನ್ನು ಅಷ್ಟು ಹೊತ್ತು ನೋಡಿದ್ದರೆ ಅವಳು ಬಯ್ಯುವುದನ್ನಾದರೂ ಬಿಡುತ್ತಿದ್ದಳು.

ನಾನು ಬಟ್ಟೆ ಹೊಲಿಯುವವಳು. ಇಪ್ಪತ್ತೆಂಟು ವರ್ಷದ ಹಿಂದೆ ನನ್ನ ಎರಡು ಚಿನ್ನದ ಬಳೆ ಮಾರಿಸಿ ಒಂದು ಬೆಳ್ಳಿ ನಾಣ್ಯ ಕೊಡಿಸಿದ. ಅವನಿಗೆ ಈ ವಿದ್ಯೆ ಕಲಿಸಿದ ಗುರುಗಳ ಹತ್ತಿರವೇ ಕೊಂಡದ್ದು. ನಾಣ್ಯದ ಅಂಚು ಮುಚ್ಚುವ ರಟ್ಟಿನ ಚೌಕಟ್ಟು, ಎರಡೂ ಕಡೆ ತೆಳು ಪ್ಲಾಸ್ಟಿಕ್, ಸುತ್ತ ನಾಲ್ಕು ಪಿನ್ನು.

"ಚಿನ್ನ ಎಲ್ಲರ ಮನೇಲೂ ಇರುತ್ತೆ ಕಣೇ. ಇಂಥದ್ದು ಇರೋದೇ ಹತ್ತೋ ಹನ್ನೆರಡೋ. ಬಿಚ್ಬೇಡ, ಮಾರ್ಬೇಡ, ಕಾಯ್ತಿರು" ಎಂದ. ಕಾದೆ. ಗಂಡ ಹಾಸಿಗೆ ಹಿಡಿದಾಗಲೂ ಅದನ್ನು ಮುಟ್ಟಲಿಲ್ಲ.

ಈ ವರ್ಷ ನನ್ನ ಅಂಗಡಿ ಕೋಣೆಯ ಮಾಲೀಕ, ಕೊಂಡರೆ ನೀನು ಕೊಂಡುಕೋ, ಇಲ್ಲದಿದ್ದರೆ ಬೇರೆಯವರಿಗೆ ಮಾರುತ್ತೇನೆ ಎಂದ. ಎಂಟಡಿ ಅಗಲ, ಒಂದೇ ಕಿಟಕಿ. ಹತ್ತೊಂಬತ್ತು ವರ್ಷ ಆ ಕಿಟಕಿಯ ಬೆಳಕಿನಲ್ಲೇ ಹೊಲಿದಿದ್ದೇನೆ. ನಾಣ್ಯ ಹಿಡಿದು ಅಣ್ಣನ ಜೊತೆ ವ್ಯಾಪಾರಿಯ ಹತ್ತಿರ ಹೋದೆ.

ವ್ಯಾಪಾರಿ ಪಿನ್ನು ಕೀಳಲು ಹೋದರೆ ಅಣ್ಣ ಕೈ ಅಡ್ಡ ಇಟ್ಟ. "ಅದು ನಮ್ಮ ಗುರುಗಳು ಹೊಡೆದಿದ್ದು. ನಾನೇ ಇವತ್ತಿನವರೆಗೂ ಬಿಚ್ಚಿಲ್ಲ."

"ಮೊದಲು ಅಂಚು ನೋಡು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ ಸಾರ್" ಎನ್ನುತ್ತ ವ್ಯಾಪಾರಿ ಬಿಚ್ಚಿ, ಅಂಚು ತಿರುಗಿಸಿ ಅಣ್ಣನ ಕೈಗೇ ಕೊಟ್ಟ. ರಟ್ಟು ಮುಚ್ಚಿದ್ದ ಜಾಗದಲ್ಲಿ ಬೆಸುಗೆಯ ಗುರುತು. ನನ್ನ ಕಣ್ಣಿಗೂ ಕಂಡಿತು.

ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ. ಊರಿಗೆಲ್ಲ ಅಂಚು ತೋರಿಸಿದವನು ತಂಗಿಯ ನಾಣ್ಯದ ಅಂಚು ನೋಡಿರಲಿಲ್ಲ. ಗುರುಭಕ್ತಿಯಂತೆ. ಸುಡಲಿ ಅವನ ಭಕ್ತಿ. ವ್ಯಾಪಾರಿ ಹೇಳಿದ ಬೆಲೆಗೆ ಇವತ್ತು ಆ ಬಳೆಯ ಕಾಲು ಭಾಗವೂ ಬರುವುದಿಲ್ಲ.

ಅವನ ಬೀರುವಿನಲ್ಲಿ ಗುರುಗಳ ಪಿನ್ನು ಹೊಡೆದ ಚೌಕಟ್ಟು ಇನ್ನೂ ಆರು ಇದ್ದವು. ಮನೆಗೆ ಬಂದವಳೇ ಅವನ್ನು ಮೇಜಿನ ಮೇಲೆ ಸುರಿದು "ಬಿಚ್ಚು" ಎಂದೆ.

"ಬೇಡ ಕಣೇ. ಗುರುಗಳು ಈಗಿಲ್ಲ, ಸತ್ತೋರ ಮರ್ಯಾದೆ ಹೋಗುತ್ತೆ."

"ಬದುಕಿರೋಳ ಅಂಗಡಿ ಹೋಗ್ತಿದೆ" ಎಂದು, ಹೊಲಿಗೆ ಬಿಚ್ಚುವ ಸಣ್ಣ ಕತ್ತರಿಯಿಂದ ನಾನೇ ಕಿತ್ತೆ. ಮೊದಲನೆಯದು ಸರಿಯಿತ್ತು. ಎರಡನೆಯದರಲ್ಲಿ ಬೆಸುಗೆ. ಅಣ್ಣನಿಗೆ ಆಶ್ಚರ್ಯವೇ ಆದಂತೆ ಕಾಣಲಿಲ್ಲ. ಮೂರನೆಯದಕ್ಕೆ ಕೈ ಹಾಕಿದಾಗ ಮೆಲ್ಲಗೆ, "ನನಗೆ ಅನುಮಾನ ಇತ್ತು" ಎಂದ.

"ಯಾವಾಗಿಂದ?"

"ನೀನು ಬಳೆ ತಂದುಕೊಟ್ಟ ದಿನದಿಂದ. ಬಿಚ್ಚಿ ನೋಡ್ಲಾ ಅಂತ ಅವರ ಮುಂದೆ ಕೇಳೋಕೆ ಬಾಯಿ ಬರ್ಲಿಲ್ಲ."

ಕತ್ತರಿ ಮೇಜಿನ ಮೇಲಿಟ್ಟೆ. ಒಂದೇ ಕೇಳಿದೆ. "ಅವರು ಹೋಗಿ ಹದಿನೇಳು ವರ್ಷ ಆಯ್ತಲ್ಲ ಅಣ್ಣ. ಆಮೇಲೂ ನನಗೆ ಕಾಯ್ತಿರು ಅಂದ್ಯಲ್ಲ, ಆಗ ಯಾರ ಮುಂದೆ ಬಾಯಿ ಬರ್ಲಿಲ್ಲ?"

ಅವನು ಕಿತ್ತ ಪಿನ್ನುಗಳನ್ನು ಒಂದೊಂದಾಗಿ ಆರಿಸತೊಡಗಿದ. ನಾನು ಎದ್ದು ಹೋಗಿ, ಅಂಗಡಿಯಿಂದ ಹೊಲಿಗೆ ಮಷೀನು ಸಾಗಿಸಲು ಗಾಡಿಯವನಿಗೆ ಹೇಳಿ ಬಂದೆ.