ಸಕ್ಕರೆಗೆ ಅಡ್ಡ ಬಂದ ಪೊರೆ

"ತಮ್ಮಾ, ನನ್ನ ಕಣ್ಣಿನ ಆಪರೇಷನ್ ಮಾಡಿಸಿಬಿಡು. ಸೂಜಿ ಮಾತ್ರ ಬ್ಯಾಡ."

ಮೊನ್ನೆ ಹುಮನಾಬಾದಿನ ಡಾಕ್ಟರರನ್ನು ಕಂಡು ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಮರಳುವಾಗ ನನ್ನ ಅಕ್ಕ ಹೀಗೆಂದಳು. ಅವಳಿಗಿರುವುದು ಸಕ್ಕರೆ ಕಾಯಿಲೆ. ನಡುವೆ ಕಣ್ಣೆಲ್ಲಿಂದ ಬಂತು?

ಮಾತ್ರೆ ಸಾಲದು, ದಿನಾ ಇನ್ಸುಲಿನ್ ಚುಚ್ಚಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಅಕ್ಕ ಒಪ್ಪಲಿಲ್ಲ. ಅವರು ತಾಳ್ಮೆಯಿಂದಲೇ ತಿಳಿಸಿದರು: "ರಕ್ತದಾಗ ಸಕ್ಕರಿ ಬೇಕಾದಷ್ಟು ಅದರಿ ಅಕ್ಕಾರ. ಜೀವಕೋಶದ ಒಳಗ ಹೋಗಾಕತ್ತಿಲ್ಲ. ನಡುವ ಪೊರಿ ಅದ."

ಪೊರೆ! ಪೊರೆ ಬರುವುದು ಕಣ್ಣಿಗೆ, ಬಂದರೆ ತೆಗೆಸಬೇಕು. ಆಮೇಲಿನದೇನೂ ಅಕ್ಕನ ಕಿವಿಗೆ ಬಿದ್ದಿಲ್ಲ.

ನಾನು ಬಿಡಿಸಿ ಹೇಳಹೊರಟೆ (ಕಾಲೇಜಿನಲ್ಲಿ ಓದಿದ್ದೇನಲ್ಲ!). ಇದು ಜೀವಕೋಶದ ಸುತ್ತಲಿನ ಪೊರೆ, ಎಣ್ಣೆಯ ಜಾತಿಯದು. ಸಕ್ಕರೆ ನೇರವಾಗಿ ನುಸುಳಲಾರದು. ಹೊರಗೆ ಹೆಚ್ಚು, ಒಳಗೆ ಕಡಿಮೆ ಇದ್ದರೆ ಅದನ್ನು ಯಾರೂ ತಳ್ಳಬೇಕಿಲ್ಲ, ಶಕ್ತಿಯೂ ಖರ್ಚಾಗದು. ಪೊರೆಯಲ್ಲಿ ಪ್ರೋಟೀನಿನ ಬಾಗಿಲಿದ್ದರೆ ಸಾಕು. ಇದೇ ಫೆಸಿಲಿಟೇಟೆಡ್ ಡಿಫ್ಯೂಷನ್, ಅಂದರೆ ಸಹಾಯ ಪಡೆದು ತಾನಾಗಿ ಹರಡುವುದು. ಇನ್ಸುಲಿನ್ ಬಂದರೆ ಸ್ನಾಯುಗಳಲ್ಲಿ ಇಂಥ ಬಾಗಿಲುಗಳು ಹೆಚ್ಚುತ್ತವೆ.

"ಈ ಬಸ್ಸೇ ನೋಡಕ್ಕ. ಹೊರಗ ಮಂದಿ, ಒಳಗ ಸೀಟು ಖಾಲಿ. ಹತ್ತರಿ ಅಂತ ಯಾರಿಗೂ ಹೇಳಬೇಕಾಗಿಲ್ಲ. ಆದ್ರ ಬಾಗಲಾ ತೆರೀಬೇಕಲ್ಲ?"

"ಬಾಗಲಾ ಯಾಕ? ಕಿಡಕ್ಯಾಗಿಂದ ಹತ್ತತಾರ."

ಹಿಂದಿನ ಸೀಟಿನವರು ನಕ್ಕರು. ನಮ್ಮ ಬಸ್‌ಸ್ಟ್ಯಾಂಡ್ ಬಲ್ಲ ಯಾರು ತಾನೇ ಅವಳನ್ನು ತಪ್ಪೆಂದಾರು?

"ಮಂದಿ ಹೆಚ್ಚಾದ್ರ ನೂಕಾಟನೂ ಹೆಚ್ಚು," ಅಕ್ಕ ಮುಂದುವರಿದಳು. "ಹಂಗಾದ್ರ ನಾ ಇನ್ನಷ್ಟು ಸಕ್ಕರಿ ತಿಂದ್ರ?"

"ಬ್ಯಾಡ ಬ್ಯಾಡ! ಬಾಗಲಾ ಇದ್ದಷ್ಟೇ ಒಳಗ ಹೋಗೋದು."

ಹೇಳಿದ ಮೇಲೆ ನನಗೇ ಗೊಂದಲ. ತಾನಾಗಿ ಹೋಗುವುದಕ್ಕೆ ಸಹಾಯ ಯಾಕೆ? ಸಹಾಯ ಬೇಕಿದ್ದರೆ ಅದು ತಾನಾಗಿ ಹೋದದ್ದು ಹೇಗೆ? ಅಕ್ಕನನ್ನು ಎಲ್ಲಿ ಕಳೆದುಕೊಳ್ಳುತ್ತೇನೋ ಎಂಬ ಭಯಕ್ಕೆ ಇದ್ದಬದ್ದ ಬುದ್ಧಿಯೂ ಕೈಕೊಟ್ಟಿತ್ತು.

ಬಸ್ಸು ರಾಜೇಶ್ವರ ಎಂಬ ಊರನ್ನು ದಾಟಿತು. ಅಕ್ಕ ಮೆಲ್ಲಗೆ ಕೇಳಿದಳು.

"ಹೊಟ್ಟಿ ತುಂಬ ಉಂಡರೂ ಹಸಿವಿ ಆಗಾಕತ್ತದ ತಮ್ಮಾ. ಸೂಜಿ ಹಾಕ್ಸಿದ್ರ ನಿಲ್ತದೇನು?"

"ನಿಲ್ತದಕ್ಕ. ಒಳಗ ಸಕ್ಕರಿ ಮುಟ್ಟವಲ್ದು, ಅದಕ್ಕೇ ಆ ಹಸಿವಿ."

"ಹಂಗಂತ ಮೊದಲೇ ಹೇಳಬಾರದೇನು? ಹಾಕ್ಸು."

ಊರವರು, ಬೀಗರು ಎಲ್ಲರೂ ಅವಳಿಗೆ 'ಬಾಯಿ ಕಟ್ಟು' ಎಂದು ಉಪದೇಶ ಮಾಡಿದವರೇ. 'ಹಸಿವಾಗ್ಯದೇನು' ಎಂದು ಕೇಳಿದವರು ಯಾರು?